ಉಡುಪಿಯಲ್ಲಿ ಕಡಿಮೆ ದುಡ್ಡಿಗೆ ರೂಮ್: ನಾನೂ ಗೆಳೆಯನೂ ಹುಡುಕಿದ ಬಗೆ

ಉಡುಪಿಗೆ ಹೊರಡುವ ಮುಂಚೆ ನಾವು ಮೊದಲು ನೋಡಿದ್ದು ಕ್ಯಾಲೆಂಡರ್. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಆಗ ಊರಲ್ಲಿ ಕಾಲಿಡೋಕೂ ಜಾಗ ಇರುವುದಿಲ್ಲ, ರೂಮಿನ ಮಾತು ದೂರವೇ ಉಳಿಯಿತು. ಸಂಕ್ರಾಂತಿಯ ಸಪ್ತೋತ್ಸವ, ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವ, ಉದ್ದನೆಯ ವಾರಾಂತ್ಯ, ಇವೂ ಹಾಗೆಯೇ. ನಮ್ಮದು ರಾತ್ರಿಗೆ ಇಬ್ಬರಿಗೂ ಸೇರಿ 800 ರೂಪಾಯಿ ದಾಟಬಾರದು ಎಂಬ ಲೆಕ್ಕ. ಹಾಗಾಗಿ ಫೆಬ್ರವರಿಯ ಒಂದು ಮಂಗಳವಾರ ಆರಿಸಿಕೊಂಡೆವು. ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೂ ಇರುತ್ತದೆ, ಸೆಕೆಯೂ ಇನ್ನೂ ಪೂರ್ತಿ ಏರಿರುವುದಿಲ್ಲ.

ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ದಾರಿಯಲ್ಲಿ ಬೆಳಗಿನ ಬಸ್ ಹಿಡಿದೆವು. ಆಗುಂಬೆ ಘಾಟಿಯಲ್ಲಿ ದೊಡ್ಡ ಬಸ್ ಬಿಡುವುದಿಲ್ಲ, ಮಿನಿ ಬಸ್ಸೇ ಗತಿ. ಅದರಲ್ಲಿ ದೊಡ್ಡ ಬ್ಯಾಗ್ ಇಡಲು ಜಾಗ ಕಡಿಮೆ, ಒಬ್ಬೊಬ್ಬರಿಗೆ ಒಂದೇ ಬ್ಯಾಗ್ ಸಾಕು. ಮಧ್ಯಾಹ್ನಕ್ಕೆ ಮುಂಚೆ ತಲುಪುವುದು ಬಹಳ ಮುಖ್ಯ. ಹಿಂದಿನ ರಾತ್ರಿ ಉಳಿದವರು ಖಾಲಿ ಮಾಡುವುದು ಆ ಹೊತ್ತಿಗೇ. ಕತ್ತಲಾದ ಮೇಲೆ ಹೋದರೆ ಉಳಿದದ್ದನ್ನು ಕೊಡುತ್ತಾರೆ, ಹೇಳಿದ ರೇಟು ಕೊಡಬೇಕು.

ಇಬ್ಬರಿದ್ದರೆ ಒಂದು ದೊಡ್ಡ ಅನುಕೂಲ ಇದೆ. ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಗೆಳೆಯ ಎರಡೂ ಬ್ಯಾಗ್ ಇಟ್ಟುಕೊಂಡು ಗೋಳಿಬಜೆ, ಚಹಾ ತರಿಸಿ ಕುಳಿತ. ನಾನು ಬರಿಗೈಯಲ್ಲಿ ಹುಡುಕಲು ಹೊರಟೆ. ಬೆನ್ನ ಮೇಲೆ ಹೊರೆ ಇಲ್ಲದವನಿಗೆ ಅವಸರ ಇರುವುದಿಲ್ಲ. ಇಷ್ಟವಾಗದಿದ್ದರೆ ಮುಂದಿನ ಲಾಡ್ಜಿಗೆ ಹೋಗಬಹುದು. ಕೌಂಟರಿನಲ್ಲಿ ಕೂತವರಿಗೂ ಅದು ಗೊತ್ತಾಗುತ್ತದೆ. ಬಸ್ ಸ್ಟ್ಯಾಂಡಿನಿಂದ ಕೃಷ್ಣ ಮಠದ ಸುತ್ತಿನ ರಥಬೀದಿಗೆ ನಡೆದೇ ಹೋಗಬಹುದು. ನಡುವಿನ ಗಲ್ಲಿಗಳಲ್ಲಿ ಹಳೆಯ ಲಾಡ್ಜುಗಳು ತುಂಬಾ ಇವೆ, ಅವುಗಳಲ್ಲಿ ಎಷ್ಟೋ ಮೊಬೈಲಿನ ಆ್ಯಪ್‌ಗಳಲ್ಲಿ ಕಾಣಿಸುವುದೇ ಇಲ್ಲ.

ಮೊದಲು ಮಠಗಳ ಛತ್ರ, ಅತಿಥಿಗೃಹಗಳಲ್ಲಿ ವಿಚಾರಿಸಿದೆ. ಕಡಿಮೆ ದರಕ್ಕೆ ಶುಚಿಯಾದ ಕೋಣೆ ಬೇಕಿದ್ದರೆ ಅವೇ ಒಳ್ಳೆಯವು. ಆದರೆ ಕೆಲವು ಕಡೆ ಕುಟುಂಬದವರಿಗೆ ಮೊದಲು ಕೊಡುತ್ತಾರೆ. ದೂರದಿಂದ ಮಕ್ಕಳು, ವಯಸ್ಸಾದವರ ಜೊತೆ ಬಂದವರಿಗೆ ಅದು ಸಿಗಬೇಕಾದದ್ದೇ. ಹಾಗಾಗಿ ನಾನು ಲಾಡ್ಜುಗಳ ಕಡೆ ತಿರುಗಿದೆ.

ಎಲ್ಲಿ ಹೋದರೂ ರೇಟಿಗಿಂತ ಮುಂಚೆ ಒಂದೇ ಮಾತು ಕೇಳಿದೆ: "ರೂಮ್ ಒಮ್ಮೆ ನೋಡ್ಬಹುದಾ?" ತೋರಿಸಲು ಹಿಂಜರಿದ ಕಡೆ ನಿಲ್ಲಲಿಲ್ಲ. ಕರಾವಳಿಯಲ್ಲಿ ನೋಡಬೇಕಾದದ್ದು ಘಟ್ಟದ ಮೇಲಿನಂತಲ್ಲ. ಬಾಗಿಲು ತೆಗೆದ ತಕ್ಷಣ ಮೂಗಿಗೆ ತೇವದ ವಾಸನೆ ಬಡಿದರೆ ಹಾಸಿಗೆಯೂ ಹಾಗೇ ಇರುತ್ತದೆ. ತಲೆದಿಂಬು ಎತ್ತಿ ನೋಡಿ. ಕಿಟಕಿಗೆ ಸೊಳ್ಳೆಪರದೆ ಇದೆಯಾ, ಅದರಲ್ಲಿ ತೂತಿಲ್ಲವಾ ನೋಡಿ. ಫ್ಯಾನ್ ಹಾಕಿಸಿ ನಿಮಿಷ ಹೊತ್ತು ಅಡಿಯಲ್ಲಿ ನಿಲ್ಲಿ, ಎಸಿ ಇಲ್ಲದ ರೂಮಿನಲ್ಲಿ ನಿದ್ದೆ ಬರುವುದು ಅದರಿಂದಲೇ. ತಾರಸಿ ಅಡಿಯ ಮೇಲ್ಮಹಡಿ ಬೇಡ, ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿಯೂ ಬಿಸಿ ಬಿಡುತ್ತಾ ಇರುತ್ತದೆ. ಬಟ್ಟೆ ಒಣಗಿಸಲು ಜಾಗ ಕೇಳಿ, ಇಲ್ಲಿನ ಗಾಳಿಯಲ್ಲಿ ಒದ್ದೆ ಟವೆಲ್ ರೂಮಿನೊಳಗೆ ಒಣಗುವುದಿಲ್ಲ.

ನಾಲ್ಕನೆಯ ಲಾಡ್ಜಿನ ಮೊದಲ ಮಹಡಿಯಲ್ಲಿ ಎದುರುಬದುರು ಎರಡು ಕಿಟಕಿ ಇದ್ದವು. ಗಾಳಿ ಚೆನ್ನಾಗಿ ಆಡುತ್ತಿತ್ತು. ಬಾತ್‌ರೂಮ್ ಸಣ್ಣದು, ಆದರೆ ತಿಕ್ಕಿ ತೊಳೆದಿದ್ದರು. ಬಿಸಿನೀರು ಬೆಳಿಗ್ಗೆ ಮಾತ್ರ. ನನಗೆ ಅಷ್ಟು ಸಾಕಾಗಿತ್ತು.

ಆಮೇಲೆ ರೇಟಿನ ಮಾತು. ಎರಡು ವಿಷಯ ಬಿಡಿಸಿ ಕೇಳಿದೆ. ಚೆಕೌಟ್ 24 ಗಂಟೆಯ ಲೆಕ್ಕವೋ, ಮಧ್ಯಾಹ್ನ 12ಕ್ಕೋ? 24 ಗಂಟೆ ಅಂದರೆ ಬೆಳಿಗ್ಗೆ 11ಕ್ಕೆ ಬಂದವರು ಮರುದಿನ 11ರವರೆಗೆ ಇರಬಹುದು. 12ರ ಲೆಕ್ಕವಾದರೆ ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ 6ಕ್ಕೆ ಇಳಿಯುವವರಿಗೆ ದೊಡ್ಡ ನಷ್ಟ. ಇನ್ನೊಂದು ಜಿಎಸ್‌ಟಿ. 1000 ರೂಪಾಯಿಯೊಳಗಿನ ರೂಮಿಗೆ 2022ರ ಜುಲೈವರೆಗೆ ತೆರಿಗೆ ಇರಲಿಲ್ಲ, ಈಗ ಇದೆ. ಸೇರಿಸಿ ಎಷ್ಟು ಎಂದು ಕೇಳಿದರೆ ಬಿಲ್ ಕೊಡುವಾಗ ಮಾತಿಗೆ ಮಾತು ಬೆಳೆಯುವುದಿಲ್ಲ. ಎರಡು ರಾತ್ರಿ ಇರ್ತೀವಿ ಅಂದದ್ದಕ್ಕೆ ಸ್ವಲ್ಪ ಇಳಿಸಿ 700ಕ್ಕೆ ಒಪ್ಪಿದರು. ಇಬ್ಬರ ಗುರುತಿನ ಚೀಟಿಯೂ ಬೇಕು, ಒಬ್ಬರದ್ದೇ ಸಾಲದು.

ಮಲ್ಪೆಯಲ್ಲಿ ಸಮುದ್ರದ ಪಕ್ಕವೇ ಉಳಿಯೋಣ ಎಂದು ಗೆಳೆಯನಿಗೆ ಆಸೆ ಇತ್ತು. ಉಡುಪಿಯಿಂದ ಮಲ್ಪೆ ಸುಮಾರು 6 ಕಿಲೋಮೀಟರ್, ಸಿಟಿ ಬಸ್ಸುಗಳು ಓಡುತ್ತಲೇ ಇರುತ್ತವೆ. ಕಡಲು ಕಾಣುವ ರೂಮಿಗೆ ಜಾಸ್ತಿ ಕೊಡುವ ಬದಲು ಸಂಜೆ ಹೋಗಿ ಬಂದರೆ ಸಾಕು ಅಲ್ವಾ? ಮಣಿಪಾಲದಲ್ಲಿ ಅಡ್ಮಿಷನ್, ಘಟಿಕೋತ್ಸವದ ಹೊತ್ತಿಗೆ ಪೋಷಕರೇ ತುಂಬಿರುತ್ತಾರೆ, ಅಲ್ಲಿ ನಾನು ಹುಡುಕಲೇ ಇಲ್ಲ.

ರಥಬೀದಿಯ ಹತ್ತಿರ ಉಳಿದರೆ ಇನ್ನೊಂದು ಲಾಭ ಊಟ. ಕೃಷ್ಣ ಮಠದಲ್ಲಿ ಬಂದವರಿಗೆಲ್ಲ ಉಚಿತ ಅನ್ನಪ್ರಸಾದ ಇದೆ. ನೆಲದ ಮೇಲೆ ಸಾಲಾಗಿ ಕೂತು ಸಾರು, ಹುಳಿ, ಪಾಯಸ ಉಂಡ ಆ ಊಟ ನನಗೆ ಇಡೀ ಪ್ರವಾಸದಲ್ಲೇ ಇಷ್ಟವಾದದ್ದು. ಕೈಲಾದಷ್ಟು ಕಾಣಿಕೆ ಹಾಕಿ ಬಂದೆವು.

ಮಂಗಳೂರು ನೋಡಲು ರೂಮ್ ಬದಲಿಸಲಿಲ್ಲ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬಂದೆವು. ಮಂಗಳೂರು ಸೆಂಟ್ರಲ್‌ನಿಂದ ಬೆಳಗಿನ ಟ್ರೇನ್ ಇರುವವರು ಮಾತ್ರ ಕೊನೆಯ ರಾತ್ರಿ ಹಂಪನಕಟ್ಟೆಯ ಸುತ್ತ ಹುಡುಕಿಕೊಳ್ಳಲಿ, ಅಲ್ಲಿಂದ ಸ್ಟೇಷನ್ ಹತ್ತಿರ. ನಮಗೆ ಇನ್ನೊಂದು ದಿನ ಇರಬೇಕೆನಿಸಿದಾಗ ಹಿಂದಿನ ಸಂಜೆಯೇ ಕೌಂಟರಿಗೆ ಹೇಳಿದೆವು, ಅದೇ ರೇಟಿಗೆ ಮುಂದುವರಿಸಿ ರಸೀದಿ ಬರೆದುಕೊಟ್ಟರು.