ಒಂದು ಪುಟದ ಜಾವಾ, ಒಂದು ತಿಂಗಳ ಒದ್ದಾಟ

ನನ್ನ ಜಾವಾ ಪ್ರೋಗ್ರಾಂ ಒಂದು ಅರೇಸ್ಟೋರ್‌ಎಕ್ಸೆಪ್ಶನ್, ಅಂದರೆ ಅರೇ ಎಂಬ ಸಾಲುಪಟ್ಟಿಯಲ್ಲಿ ತಪ್ಪು ಬಗೆಯದನ್ನು ಇಟ್ಟಾಗ ಬರುವ ದೋಷ, ಎಸೆದು ಬಿತ್ತು. ಓಡಿಸುವ ಮೊದಲೇ ತಪ್ಪು ಹುಡುಕುವ ಕಂಪೈಲರ್ ಮಾತ್ರ ತುಟಿ ಬಿಚ್ಚಿರಲಿಲ್ಲ. ಸ್ಟ್ರಿಂಗ್ (ಪಠ್ಯ) ಅರೇಯನ್ನು ಆಬ್ಜೆಕ್ಟ್ (ಯಾವ ವಸ್ತುವಾದರೂ ಸರಿ) ಅರೇ ಕೇಳುವ ಮೆಥಡ್‌ಗೆ ಕೊಟ್ಟಿದ್ದೆ. ಆ ಮೆಥಡ್ ಅರೇಯೊಳಗೆ ಒಂದು ಇಂಟೀಜರ್ (ಪೂರ್ಣಾಂಕ) ತುರುಕಿತ್ತು. ವರ್ಷಗಟ್ಟಲೆ ಜಾವಾ ಬರೆದವನಿಗೆ ಇದಕ್ಕೆ ಕಾರಣ ಹೇಳಲು ಬರಲಿಲ್ಲ. ನಾಚಿಕೆಯಾಯಿತು.

ಹಾಗಾಗಿ ಒಂದು ಟೈಪ್ ಚೆಕರ್, ಅಂದರೆ ಪ್ರತಿ ಜಾಗದಲ್ಲೂ ಸರಿಯಾದ ಬಗೆಯ ವಸ್ತುವೇ ಇದೆಯಾ ಅಂತ ಓಡಿಸುವ ಮೊದಲೇ ನೋಡುವ ಪ್ರೋಗ್ರಾಂ, ನಾನೇ ಬರೆದು ನೋಡೋಣ ಅಂತ ಕೂತೆ. ಆರಿಸಿಕೊಂಡಿದ್ದು ಫೆದರ್‌ವೇಟ್ ಜಾವಾ. ಸಂಶೋಧಕರಾದ ಇಗರಾಶಿ, ಪಿಯರ್ಸ್, ವಾಡ್ಲರ್ ಮೂವರೂ ಸೇರಿ 1999ರಲ್ಲಿ ಜಾವಾವನ್ನು ಹಿಂಡಿ ಉಳಿಸಿದ ತಿರುಳು ಅದು. ವೇರಿಯಬಲ್, ಫೀಲ್ಡ್, ಮೆಥಡ್ ಕರೆ, ನ್ಯೂ (ಹೊಸ ವಸ್ತು ಸೃಷ್ಟಿ), ಕಾಸ್ಟ್ (ವಸ್ತುವನ್ನು ಇನ್ನೊಂದು ಟೈಪ್ ಅಂತ ಘೋಷಿಸುವುದು): ಐದೇ ಬಗೆಯ ಎಕ್ಸ್‌ಪ್ರೆಶನ್. ಇಟ್ಟ ಬೆಲೆಯನ್ನು ಬದಲಿಸುವ ಅಸೈನ್‌ಮೆಂಟ್ ಕೂಡ ಇಲ್ಲ. ನಿಯಮಗಳೆಲ್ಲ ಒಂದು ಪುಟದಲ್ಲಿ ಹಿಡಿಯುತ್ತವೆ. ಎರಡು ದಿನದ ಕೆಲಸ ಅಂದುಕೊಂಡೆ. ಒಂದು ತಿಂಗಳು ಹಿಡಿಯಿತು.

ಟೆಸ್ಟ್ ಮಾಡಲು ಒಂದು ಉಪಾಯ ಹೂಡಿದ್ದೆ. ರೈಟ್ ಮತ್ತು ಫೆಲೈಸನ್ 1994ರಲ್ಲಿ ಟೈಪ್ ಸುರಕ್ಷತೆಯನ್ನು ಎರಡು ಮಾತಲ್ಲಿ ಸಾಧಿಸುವ ದಾರಿ ತೋರಿಸಿದ್ದರು. ಟೈಪ್ ಸರಿಯಿರುವ ಪ್ರೋಗ್ರಾಂ ನಡುವೆ ಸಿಕ್ಕಿಹಾಕಿಕೊಳ್ಳಬಾರದು, ಒಂದು ಹೆಜ್ಜೆ ಓಡಿದ ಮೇಲೂ ಅದರ ಟೈಪ್ ಕೆಡಬಾರದು. ಪುರಾವೆ ಬರೆಯುವ ತಾಳ್ಮೆ ನನಗಿರಲಿಲ್ಲ. ಬದಲಿಗೆ ಪ್ರೋಗ್ರಾಂ ಓಡಿಸುವ ಇಂಟರ್‌ಪ್ರಿಟರ್ ಪ್ರತಿ ಹೆಜ್ಜೆ ಇಟ್ಟಾಗಲೂ ಉಳಿದ ಎಕ್ಸ್‌ಪ್ರೆಶನ್ನನ್ನು ಮತ್ತೆ ಚೆಕರ್‌ಗೆ ಕೊಟ್ಟೆ.

ಮೊದಲ ಪೆಟ್ಟು ಬಿದ್ದದ್ದು ಕಾಸ್ಟ್‌ನಲ್ಲಿ. ಒಂದು ವಸ್ತುವನ್ನು ಎಲ್ಲ ಕ್ಲಾಸ್‌ಗಳ ಮೂಲವಾದ ಆಬ್ಜೆಕ್ಟ್‌ಗೆ ಕಾಸ್ಟ್ ಮಾಡಿ, ಅಲ್ಲಿಂದ ಸಂಬಂಧವೇ ಇಲ್ಲದ ಕ್ಲಾಸ್‌ಗೆ ಕಾಸ್ಟ್ ಮಾಡಿದರೆ ಚೆಕರ್ ಒಪ್ಪುತ್ತದೆ. ಒಂದು ಹೆಜ್ಜೆ ಓಡಿಸಿ, ನಡುವಿನ ಆಬ್ಜೆಕ್ಟ್ ಮಾಯವಾದರೆ ಅದೇ ಚೆಕರ್ ಬೇಡ ಅನ್ನುತ್ತದೆ! ಆ ಮೂವರು ಇದಕ್ಕಾಗಿಯೇ ‘ಸ್ಟುಪಿಡ್ ಕಾಸ್ಟ್’ ಅನ್ನುವ ನಿಯಮ ಇಟ್ಟಿದ್ದರು. ಹೆಸರು ನೋಡಿ ತಮಾಷೆಗೆ ಬರೆದಿದ್ದಾರೆ ಅಂತ ನಾನೇ ಬಿಟ್ಟುಬಿಟ್ಟಿದ್ದೆ.

ಎರಡನೆಯ ಪೆಟ್ಟು ನನ್ನ ಜಾಣತನದ್ದು. ತಾಯಿ ಕ್ಲಾಸ್‌ನ ಮೆಥಡ್ಡನ್ನು ಮಗು ಕ್ಲಾಸ್ ತನಗೆ ಬೇಕಾದಂತೆ ಮತ್ತೆ ಬರೆಯುವುದು ಓವರ್‌ರೈಡ್. ಹಾಗೆ ಬರೆದ ಮೆಥಡ್ ಕೇಳುವ ಪ್ಯಾರಾಮೀಟರ್‌ನ ಟೈಪ್ ತಾಯಿಯ ಮೆಥಡ್‌ನಲ್ಲಿ ಇದ್ದದ್ದೇ ಆಗಿರಬೇಕು ಅಂತ ನಿಯಮ ಇತ್ತು. ಇಷ್ಟೊಂದು ಬಿಗಿ ಯಾಕೆ ಅನ್ನಿಸಿತು. ಮಗು ಕ್ಲಾಸ್ ತನ್ನಂಥದ್ದನ್ನೇ ಕೇಳಿದರೆ ತಪ್ಪೇನು? ಸಡಿಲ ಮಾಡಿದೆ. ‘ದಾಖಲೆ’ ಕ್ಲಾಸ್‌ನಲ್ಲಿ ‘ಹೋಲಿಸು’ ಮೆಥಡ್, ಅದು ಇನ್ನೊಂದು ದಾಖಲೆಯನ್ನು ಪಡೆಯುತ್ತದೆ. ‘ಸಹಿದಾಖಲೆ’ ಅದರ ಮಗು, ಅದರ ‘ಹೋಲಿಸು’ ಸಹಿದಾಖಲೆಯನ್ನೇ ಕೇಳುತ್ತದೆ, ಬಂದದ್ದರ ಸಹಿ ಫೀಲ್ಡ್ ಓದುತ್ತದೆ. ಓದಲು ಎಷ್ಟು ಸಹಜ, ಅಲ್ವಾ? ಚೆಕರ್ ಕೂಡ ಸೈ ಅಂದಿತು. ಆಮೇಲೆ ಒಂದು ಸಹಿದಾಖಲೆಯನ್ನು ಬರೀ ದಾಖಲೆ ಅಂತ ದಾಟಿಸಿ, ಅದರ ‘ಹೋಲಿಸು’ಗೆ ಸಾದಾ ದಾಖಲೆ ಕೊಟ್ಟೆ. ಇಂಟರ್‌ಪ್ರಿಟರ್ ಇಲ್ಲದ ಸಹಿಯನ್ನು ಹುಡುಕುತ್ತಾ ಅಲ್ಲೇ ನಿಂತಿತು.

ತಾಯಿ ಕ್ಲಾಸ್‌ನಿಂದ ಕೋಡ್ ಪಡೆಯುವುದು ಬೇರೆ, ತಾಯಿಯ ಜಾಗದಲ್ಲಿ ಮಗು ನಿಲ್ಲುವುದು ಬೇರೆ. ಕುಕ್, ಹಿಲ್, ಕ್ಯಾನಿಂಗ್ 1990ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ನಾನು ಮೊದಲೇ ಓದಿದ್ದೆ, ತಲೆಯಾಡಿಸಿದ್ದೆ ಕೂಡ. ಆದರೆ ನನ್ನ ಪ್ರೋಗ್ರಾಂ ನಿಂತಾಗಲೇ ಗೊತ್ತಾಗಿದ್ದು, ಮಗು ಕ್ಲಾಸ್ ಕೊಡುವುದು ಇನ್ನೂ ನಿಖರವಾಗಬಹುದು, ಕೇಳುವುದು ಮಾತ್ರ ಕಿರಿದಾಗುವಂತಿಲ್ಲ. ಅಗಲವಾದರೆ ತೊಂದರೆಯಿಲ್ಲ. ನಿಜವಾದ ಜಾವಾದಲ್ಲಿ ಈ ಏಟು ನನಗೆ ಬಿದ್ದಿರಲಿಲ್ಲ, ಯಾಕೆಂದರೆ ಪ್ಯಾರಾಮೀಟರ್ ಟೈಪ್ ಬದಲಿಸಿದರೆ ಅದು ಸುಮ್ನೆ ಓವರ್‌ಲೋಡ್ (ಒಂದೇ ಹೆಸರಿನ ಬೇರೆ ಮೆಥಡ್) ಅಂದುಕೊಂಡು ಎರಡನ್ನೂ ಇಟ್ಟುಕೊಳ್ಳುತ್ತದೆ. ಅದೂ ಒಂದು ಬಗೆಯ ಗುಂಡಿಯೇ. ಇದು ಓವರ್‌ರೈಡ್ ಅಂತ ಕಂಪೈಲರ್‌ಗೆ ಹೇಳುವ ಗುರುತು, ಓವರ್‌ರೈಡ್ ಅನೊಟೇಶನ್, ಹಾಕದೆ ನಾನು ಈಗ ತಾಯಿಯ ಒಂದು ಮೆಥಡ್ಡನ್ನೂ ಮತ್ತೆ ಬರೆಯುವುದಿಲ್ಲ.

ಅಸೈನ್‌ಮೆಂಟೇ ಇಲ್ಲದ ಭಾಷೆಯಲ್ಲಿ ನನ್ನ ಅರೇ ಪ್ರಶ್ನೆಗೆ ಉತ್ತರ ಎಲ್ಲಿಂದ ಸಿಗಬೇಕು ಅಂತ ಅನುಮಾನ ಇತ್ತು. ಸಿಕ್ಕಿತು. ಅರೇ ಅಂದರೆ ‘ತೆಗೆ’, ‘ಇಡು’ ಎಂಬ ಎರಡು ಮೆಥಡ್ ಇರುವ ವಸ್ತು ಅಂದುಕೊಳ್ಳಿ. ಸ್ಟ್ರಿಂಗ್ ಅರೇಯ ‘ತೆಗೆ’ ಸ್ಟ್ರಿಂಗ್ ಕೊಡುತ್ತದೆ, ಅದು ಸರಿ. ಅದರ ‘ಇಡು’ ಸ್ಟ್ರಿಂಗನ್ನೇ ಕೇಳುತ್ತದೆ, ಆಬ್ಜೆಕ್ಟ್ ಅರೇಯ ‘ಇಡು’ ಏನನ್ನಾದರೂ ಒಪ್ಪುತ್ತದೆ. ನನ್ನ ‘ಹೋಲಿಸು’ ಮಾಡಿದ ತಪ್ಪೇ ಇದು. 2004ರಲ್ಲಿ ಜೆನೆರಿಕ್ಸ್ (ಟೈಪನ್ನೇ ಪ್ಯಾರಾಮೀಟರ್ ಆಗಿ ಕೊಡುವ ಸೌಲಭ್ಯ) ಬರುವ ತನಕ ಎಲ್ಲ ವಸ್ತುಗಳ ಅರೇಗೂ ಒಂದೇ ಸಾರ್ಟ್ (ವಿಂಗಡಿಸುವ) ಮೆಥಡ್ ಸಾಕಾಗಬೇಕಿತ್ತು, ಅದಕ್ಕೇ ಜಾವಾ ಆಬ್ಜೆಕ್ಟ್ ಅರೇ ಜಾಗದಲ್ಲಿ ಸ್ಟ್ರಿಂಗ್ ಅರೇ ನಿಲ್ಲುವ ಈ ಸಡಿಲಿಕೆ ಕೊಟ್ಟು, ಅರೇಯೊಳಗೆ ಏನಾದರೂ ಇಡುವಾಗಲೆಲ್ಲ ಓಡುವ ಹೊತ್ತಲ್ಲೇ ಟೈಪ್ ನೋಡುತ್ತದೆ. ನಾನು ತಿಂಗಳ ಹಿಂದೆ ನೋಡಿದ್ದ ಎಕ್ಸೆಪ್ಶನ್ ಅಲ್ಲಿಂದ ಬಂದಿತ್ತು.