ಒಗ್ಗರಣೆ ಡಬ್ಬಿಯಲ್ಲಿ ರೆಸಿಸ್ಟರ್

ನನ್ನ ಹತ್ತಿರ 10 ಕಿಲೋ ಓಮ್ ರೆಸಿಸ್ಟರ್‌ಗಳ ನಾಲ್ಕು ಪ್ಯಾಕೆಟ್ ಇವೆ. ಒಂದೊಂದರಲ್ಲೂ ನೂರು. ಈ ಜನ್ಮದಲ್ಲಿ ಖಾಲಿ ಆಗುವ ಮಾತಲ್ಲ. (ರೆಸಿಸ್ಟರ್ ಅಂದರೆ ಸರ್ಕ್ಯೂಟಿನಲ್ಲಿ ಕರೆಂಟನ್ನು ತಡೆಯುವ ಪುಟ್ಟ ಬಿಡಿಭಾಗ, ಓಮ್ ಅಂದರೆ ಆ ತಡೆಯ ಅಳತೆ.) ನಾಲ್ಕು ಸಲ ಯಾಕೆ ಕೊಂಡೆ ಅಂದರೆ, ಪ್ರತಿ ಸಲವೂ ಮನೆಯಲ್ಲಿ ಇದ್ದದ್ದು ಕೈಗೆ ಸಿಗಲಿಲ್ಲ.

ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಬರುವವರಿಗೆ ಇದು ಹೊಸದಲ್ಲ. ಅಂಗಡಿಯವರು ಎಣಿಸಿ, ಪುಟ್ಟ ಪ್ಲಾಸ್ಟಿಕ್ ಕವರಿಗೆ ಹಾಕಿ, ಪಿನ್ ಹೊಡೆದು ಕೊಡುತ್ತಾರೆ. ಮನೆಗೆ ಬಂದ ಮೇಲೆ ಕವರುಗಳೆಲ್ಲ ಒಂದು ಶೂ ಡಬ್ಬಿ ಸೇರುತ್ತವೆ. ಅಲ್ಲಿಗೆ ಕಥೆ ಮುಗಿಯಿತು.

ಒಮ್ಮೆ ಬುದ್ಧಿ ಬಂದು 64 ಖಾನೆಗಳ ಡ್ರಾಯರ್ ಪೆಟ್ಟಿಗೆ ತಂದೆ. ಒಂದೊಂದು ಬೆಲೆಗೆ (ದುಡ್ಡಲ್ಲ, ಎಷ್ಟು ಓಮ್ ಎನ್ನುವ ಅಂಕಿ) ಒಂದೊಂದು ಖಾನೆ, ಒಂದೊಂದು ಚೀಟಿ. ನೋಡೋಕೆ ಚೆಂದ ಇತ್ತು. ಎರಡೇ ವಾರ. ಬೆಸುಗೆಯಿಲ್ಲದೆ ಬಿಡಿಭಾಗ ಚುಚ್ಚಿ ಜೋಡಿಸುವ ಹಲಗೆ ಬ್ರೆಡ್‌ಬೋರ್ಡು; ರಾತ್ರಿ ಹನ್ನೊಂದು ಗಂಟೆಗೆ ಅದರಿಂದ ಕಿತ್ತ 14 ರೆಸಿಸ್ಟರ್‌ಗಳ ಮೈಮೇಲಿನ ಬಣ್ಣದ ಪಟ್ಟಿ ಓದಿ, 14 ಖಾನೆ ಎಳೆದು, ವಾಪಸ್ ಹಾಕುವವರು ಯಾರು? ಎಲ್ಲ ಮೇಜಿನ ಮೂಲೆಗೆ ಹೋದವು. ತಪ್ಪು ಎಲ್ಲಿತ್ತು ಅಂತ ಆಗ ಹೊಳೆಯಿತು. ಹುಡುಕುವುದು ಸುಲಭವಾಗಲಿ ಅಂತ ಜೋಡಿಸಿದ್ದೆ. ವಾಪಸ್ ಇಡುವುದು ಸುಲಭವಾಗಬೇಕಿತ್ತು. ಈಗ ಹೇಳುವ ಕ್ರಮ ಆ ಲೆಕ್ಕದ್ದು.

ಮೊದಲು ಎಲ್ಲ ಸುರಿಯಿರಿ

ಹಗಲು ಬೆಳಕಿನಲ್ಲಿ, ಅಂಚು ಇರುವ ದೊಡ್ಡ ತಟ್ಟೆಗೆ ಸುರಿಯಿರಿ. ಕೆಳಗೆ ಬಿಳಿ ಬಟ್ಟೆ ಹಾಸಿದರೆ ಬಿದ್ದದ್ದು ಕಾಣುತ್ತದೆ. ಮೊದಲ ಸುತ್ತಿನಲ್ಲಿ ಬೆಲೆ ಓದಲು ಹೋಗಬೇಡಿ. ರೆಸಿಸ್ಟರ್ ಒಂದು ಗುಡ್ಡೆ, ಕೆಪಾಸಿಟರ್ (ಚಾರ್ಜ್ ಹಿಡಿದಿಡುವುದು) ಒಂದು, ಮೂರು ಕಾಲಿನವು (ಟ್ರಾನ್ಸಿಸ್ಟರ್‌ನಂಥವು) ಒಂದು, ಐಸಿ (ಇಡೀ ಸರ್ಕ್ಯೂಟ್ ಅಡಗಿರುವ ಚಿಪ್) ಒಂದು, ಉಳಿದದ್ದು ಒಂದು. ಅಷ್ಟೇ.

ಈಗಲೇ ಒಂದಷ್ಟು ಬಿಸಾಡಿ. ಹಳೇ ಟಿವಿ, ರೇಡಿಯೋ ಬೋರ್ಡಿನಿಂದ ಬಿಡಿಸಿದ ಮೋಟು ಕಾಲಿನ ರೆಸಿಸ್ಟರ್‌ಗಳು ಬ್ರೆಡ್‌ಬೋರ್ಡಿನಲ್ಲಿ ನಿಲ್ಲುವುದಿಲ್ಲ. ಅವನ್ನು ಕಾಪಾಡಿ ಏನು ಮಾಡುತ್ತೀರಿ? ಹಳೇ ಬೋರ್ಡಿನಿಂದ ಉಳಿಸಿಕೊಳ್ಳಬೇಕಾದದ್ದು ಬೇರೆಯೇ ಇದೆ: ಟ್ರಾನ್ಸ್‌ಫಾರ್ಮರ್, ಸ್ವಿಚ್ಚು, ಕನೆಕ್ಟರ್, ಹೀಟ್ ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು), ತಿರುಗಿಸುವ ಗುಬ್ಬಿ. ಹೊಸದಾಗಿ ಕೊಂಡರೆ ಇವುಗಳೇ ದುಬಾರಿ.

ಡಬ್ಬಿ ಕೊಳ್ಳುವಾಗ ಒಂದು ಪರೀಕ್ಷೆ

ಖಾನೆ ಖಾನೆ ಇರುವ, ಒಂದೇ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಎಲ್ಲ ಕಡೆ ಸಿಗುತ್ತದೆ. ಹೋಗುವಾಗ ಜೇಬಿನಲ್ಲಿ ಒಂದು ಪುಟ್ಟ ಗಾಜಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿಕೊಂಡು ಹೋಗಿ. ಅದನ್ನು ಮೂಲೆಯ ಖಾನೆಗೆ ಹಾಕಿ, ಮುಚ್ಚಿ, ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ. ಡಯೋಡ್ ಪಕ್ಕದ ಮನೆಗೆ ಹೋಯಿತಾ? ಹಾಗಾದರೆ ಡಬ್ಬಿ ಅಂಗಡಿಯಲ್ಲೇ ಇರಲಿ. ಅನೇಕ ಡಬ್ಬಿಗಳಲ್ಲಿ ಗೋಡೆಗೂ ಮುಚ್ಚಳಕ್ಕೂ ನಡುವೆ ಒಂದೆರಡು ಮಿಲಿಮೀಟರ್ ಸಂದಿ ಇರುತ್ತದೆ. ನಟ್ಟು ಬೋಲ್ಟಿಗೆ ಅದು ಪರವಾಗಿಲ್ಲ. ನಮ್ಮ ಸಾಮಾನಿಗೆ ಆಗುವುದಿಲ್ಲ.

ಅಳತೆಯನ್ನೂ ನೋಡಿ. ತಂತಿ ಕಾಲುಗಳನ್ನು ಕತ್ತರಿಸದ 0.25 ವ್ಯಾಟ್ ರೆಸಿಸ್ಟರ್ ತುದಿಯಿಂದ ತುದಿಗೆ ಸುಮಾರು 6 ಸೆಂಟಿಮೀಟರ್ ಇರುತ್ತದೆ. ಖಾನೆ 7 ಸೆಂಟಿಮೀಟರ್ ಉದ್ದ ಇದ್ದರೆ ಆರಾಮ.

ರೆಸಿಸ್ಟರ್‌ಗೆ ಆರು ಖಾನೆ ಸಾಕು

ಸಾಮಾನ್ಯ ಶೇ 10ರ (ಬೆಲೆ ಅಷ್ಟು ಆಚೀಚೆ ಇರಬಹುದಾದ) ಸರಣಿಯಲ್ಲಿ ಬರುವುದು ಹನ್ನೆರಡೇ ಅಂಕಿ: 10, 12, 15, 18, 22, 27, 33, 39, 47, 56, 68, 82. ಆಮೇಲೆ ಬರೀ ಸೊನ್ನೆ ಸೇರುತ್ತಾ ಹೋಗುತ್ತದೆ. ಮೈಮೇಲಿನ ಮೊದಲೆರಡು ಬಣ್ಣದ ಪಟ್ಟಿ ಅಂಕಿ ಹೇಳುತ್ತವೆ, ಸೊನ್ನೆ ಎಷ್ಟು ಎಂದು ಹೇಳುವುದು ಮೂರನೆಯ ಪಟ್ಟಿ. ಹಾಗಾಗಿ ಆ ಒಂದು ಪಟ್ಟಿ ನೋಡಿ ಖಾನೆಗೆ ಹಾಕಿದರೆ ಕೆಲಸ ಆಯಿತು. ಕಪ್ಪು ಇದ್ದರೆ 10ರಿಂದ 82 ಓಮ್. ಕಂದು, 100ರಿಂದ 820. ಕೆಂಪು, 1 ಕಿಲೋ ಓಮ್‌ನಿಂದ 8.2. ಕಿತ್ತಳೆ, 10ರಿಂದ 82 ಕಿಲೋ. ಹಳದಿ, 100ರಿಂದ 820 ಕಿಲೋ. ಹಸಿರಿದ್ದರೆ 1 ಮೆಗಾ ಓಮ್ ಮತ್ತು ಅದಕ್ಕೂ ಮೇಲೆ. ಖಾನೆಯ ಮೇಲೆ ಅಂಕಿ ಬರೆಯುವ ಬದಲು ಸ್ಕೆಚ್ ಪೆನ್ನಿನಿಂದ ಆ ಬಣ್ಣದ ಒಂದು ಗೀಟು ಎಳೆಯಿರಿ. ವಾಪಸ್ ಇಡುವಾಗ ತಲೆ ಓಡಿಸಬೇಕಿಲ್ಲ, ಬಣ್ಣಕ್ಕೆ ಬಣ್ಣ. ಬೇಕಾದಾಗ ಒಂದು ಖಾನೆಯಲ್ಲಿ ಐದಾರು ಬಗೆಯಲ್ಲಿ ಒಂದನ್ನು ಹುಡುಕಬೇಕು. ಅದು ಕಷ್ಟವೇನಲ್ಲ.

ಆದರೆ ಐದು ಪಟ್ಟಿಯ ರೆಸಿಸ್ಟರ್ ಇದಕ್ಕೆ ಬೆರೆಸಬೇಡಿ. ಹೆಚ್ಚಾಗಿ ನೀಲಿ ಮೈಯ, ಶೇ 1ರ ನಿಖರತೆಯವು ಇವು. ಇವುಗಳಲ್ಲಿ ಸೊನ್ನೆ ಲೆಕ್ಕ ನಾಲ್ಕನೆಯ ಪಟ್ಟಿಯಲ್ಲಿ. 1 ಕಿಲೋ ಓಮ್ ಎಂದರೆ ಕಂದು, ಕಪ್ಪು, ಕಪ್ಪು, ಕಂದು, ಕೊನೆಗೆ ಇನ್ನೊಂದು ಕಂದು. ಅದನ್ನೇ ಉಲ್ಟಾ ಹಿಡಿದು ಓದಿ: ಕಂದು, ಕಂದು, ಕಪ್ಪು, ಕಪ್ಪು, ಕಂದು. 110 ಓಮ್ ಆಯಿತು! ಎರಡೂ ಸರಿಯಾದ ಓದೇ. ಯಾವ ತುದಿಯಿಂದ ಶುರು ಎನ್ನುವುದು ಆ ಪುಟ್ಟ ಮೈ ನೋಡಿದರೆ ಎಷ್ಟೋ ಸಲ ತಿಳಿಯುವುದಿಲ್ಲ. ನೀಲಿಯವನ್ನು ಮಲ್ಟಿಮೀಟರಿನಿಂದ ಅಳೆದು, ಜಿಪ್ ಲಾಕ್ ಕವರಿಗೆ ಹಾಕಿ, ಹೊರಗೆ ಬರೆದಿಡಿ.

ಕೆಪಾಸಿಟರ್, ಮತ್ತು ಒಂದೇ ತರ ಕಾಣುವವರು

ಸೆರಾಮಿಕ್ ಕೆಪಾಸಿಟರ್ ಮೇಲೆ 104 ಎಂದಿದ್ದರೆ 10ರ ಮುಂದೆ ನಾಲ್ಕು ಸೊನ್ನೆ, ಅಷ್ಟು ಪಿಕೋಫ್ಯಾರಡ್ (ಫ್ಯಾರಡ್ ಕೆಪಾಸಿಟರಿನ ಅಳತೆ). ಅಂದರೆ 0.1 ಮೈಕ್ರೋಫ್ಯಾರಡ್. ಇಲ್ಲೂ ಮೂರನೆಯ ಅಂಕಿ ನೋಡಿಯೇ ಖಾನೆ ಮಾಡಿ. 104 ಮಾತ್ರ ಬೇರೆ ಇರಲಿ. ಐಸಿಯೊಂದಕ್ಕೆ ಒಂದರಂತೆ ಅದು ಖರ್ಚಾಗುತ್ತಲೇ ಇರುತ್ತದೆ.

ಪುಟ್ಟ ಡ್ರಮ್ಮಿನಂತಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗೆ ವಯಸ್ಸಾಗುತ್ತದೆ. ಬಳಸದೆ ವರ್ಷಗಟ್ಟಲೆ ಇಟ್ಟರೆ ಒಳಗಿನ ಆಕ್ಸೈಡ್ ಪದರ ಸೊರಗಿ ಕರೆಂಟ್ ಸೋರುತ್ತದೆ. ಕವರ್ ಮೇಲೆ ಕೊಂಡ ತಿಂಗಳು, ವರ್ಷ ಬರೆಯಿರಿ. ಶೀಟಿನ ಮನೆಯ ಅಟ್ಟದ ಮೇಲೆ ಇಡಬೇಡಿ, ಬಿಸಿಗೆ ಬೇಗ ಹಾಳಾಗುತ್ತವೆ.

ಇನ್ನು ವೇಷ ಹಾಕುವವರು. ವೋಲ್ಟೇಜ್ ನಿಯಂತ್ರಿಸುವ 7805, ಎಲ್‌ಎಂ317, ಟ್ರಾನ್ಸಿಸ್ಟರ್ ಆದ ಟಿಐಪಿ122 ಮೂರೂ ಒಂದೇ ಕರೀ ಮೈ, ಒಂದೇ ಲೋಹದ ಬೆನ್ನು. ಬಿಸಿ547 ಮತ್ತು ಬಿಸಿ557 ಟ್ರಾನ್ಸಿಸ್ಟರ್‌ಗಳ ನಡುವೆ ಒಂದು ಅಂಕಿ ವ್ಯತ್ಯಾಸ, ಕೆಲಸ ಮಾತ್ರ ತಿರುಗುಮುರುಗು. 1ಎನ್4148 ಡಯೋಡಿಗೂ ಬೇರೆಯೇ ಕೆಲಸದ ಜೀನರ್ ಡಯೋಡಿಗೂ ಒಂದೇ ಕಿತ್ತಳೆ ಬಣ್ಣದ ಗಾಜು. ಇಂಥವನ್ನು ಬಿಡಿಬಿಡಿಯಾಗಿ ಖಾನೆಗೆ ಹಾಕಲೇಬಾರದು. ಕವರಿನಲ್ಲೇ ಇರಲಿ, ಕವರ್ ಖಾನೆಯಲ್ಲಿರಲಿ.

ಅಕ್ಕಿ ನುಚ್ಚಿನಂತಿರುವ, ಬೋರ್ಡಿನ ಮೇಲ್ಮೈಗೇ ಬೆಸೆಯುವ ಎಸ್‌ಎಂಡಿ ಬಿಡಿಭಾಗಗಳನ್ನು ಅವು ಬಂದ ಟೇಪಿನಿಂದ ಬಿಚ್ಚಬೇಡಿ. ರೆಸಿಸ್ಟರ್ ಮೇಲಾದರೂ ಅಂಕಿ ಇರುತ್ತದೆ, ಸೆರಾಮಿಕ್ ಕೆಪಾಸಿಟರ್ ಮೇಲೆ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಟೇಪಿನ ಬೆನ್ನಿಗೆ ಬೆಲೆ ಬರೆದು, ವಿಸಿಟಿಂಗ್ ಕಾರ್ಡ್ ಇಡುವ ಆಲ್ಬಮ್ಮಿಗೆ ಸೇರಿಸಿ.

ಐಸಿಗೆ ಥರ್ಮಾಕೋಲ್ ಬೇಡ

ನಾನು ಮಾಡಿದ ದಡ್ಡತನ ಇದು. ಐಸಿಗಳ ಕಾಲು ಬಗ್ಗಬಾರದು ಅಂತ ಮಿಕ್ಸಿ ಪ್ಯಾಕಿಂಗಿನ ಥರ್ಮಾಕೋಲಿಗೆ ಸಾಲಾಗಿ ಚುಚ್ಚಿಟ್ಟಿದ್ದೆ. ಮಾರ್ಚ್ ತಿಂಗಳ ಒಣ ಗಾಳಿ. ಮೂರು ಸಿಡಿ4017 ಐಸಿಗಳಲ್ಲಿ ಎರಡು ಕೆಲಸ ಮಾಡಲಿಲ್ಲ. ಥರ್ಮಾಕೋಲ್ ಉಜ್ಜಿದರೆ ಎಷ್ಟು ಸ್ಥಾಯಿ ವಿದ್ಯುತ್ ಹುಟ್ಟುತ್ತದೆ ಅಂತ ಅದರ ಚೂರು ಕೈಗೆ ಅಂಟುವುದನ್ನು ನೋಡಿದರೇ ಗೊತ್ತಾಗುತ್ತದೆ, ಅಲ್ವಾ? ಸಿಡಿ4017ರಂಥ ಸಿಮಾಸ್ ಐಸಿ, ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಇವಕ್ಕೆ ಅದು ಮಾರಿ. ಇವಕ್ಕೆ ಕರೀ ಬಣ್ಣದ, ಕರೆಂಟ್ ಹರಿಯುವ ಫೋಮ್ ಬೇಕು. ಐಸಿ ಬರುವ ಉದ್ದನೆಯ ಪ್ಲಾಸ್ಟಿಕ್ ಕೊಳವೆ ಕೊಟ್ಟರೆ ಬಿಡಬೇಡಿ, ಅದೂ ಒಳ್ಳೆಯದು. ಬಟನ್ ಸೆಲ್ ಕೂತಿರುವ ಗಡಿಯಾರದ ಮಾಡ್ಯೂಲನ್ನು ಮಾತ್ರ ಕರೀ ಫೋಮಿನ ಮೇಲೆ ಇಡಬೇಡಿ, ಸೆಲ್ ಸುಮ್ನೆ ಬರಿದಾಗುತ್ತದೆ.

ಮಳೆಗಾಲ

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇದೇ ದೊಡ್ಡ ತಲೆನೋವು. ತೇವಕ್ಕೆ ಬಿಡಿಭಾಗಗಳ ಕಾಲುಗಳು ಕಪ್ಪಿಡುತ್ತವೆ. ಬೆಸುಗೆ ಹಾಕಲು ಹೋದರೆ ಸೀಸ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಉಂಡೆಕಟ್ಟಿ ಜಾರುತ್ತದೆ. ಬ್ಲೇಡಿನಿಂದ ಕೆರೆದರೆ ಸರಿಹೋಗುತ್ತದೆ, ಆದರೆ ಎಷ್ಟು ಅಂತ ಕೆರೆಯುತ್ತೀರಿ? ಖಾನೆ ಡಬ್ಬಿಗಳನ್ನು ರಬ್ಬರ್ ಬಿಗಿ ಇರುವ ದೊಡ್ಡ ಡಬ್ಬದೊಳಗೆ ಇಟ್ಟು, ಜೊತೆಗೆ ತೇವ ಹೀರುವ, ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹಾಕಿ. ಹಸಿರಾದರೆ ಬದಲಿಸಬೇಕು ಎಂದರ್ಥ. ಶೂ ಡಬ್ಬಿಯಲ್ಲಿ ಸಿಕ್ಕಿ, ಎರಡು ತಿಂಗಳು ಮೇಜಿನ ಮೇಲೆ ಬಿದ್ದಿದ್ದ ಪೊಟ್ಟಣ ಹಾಕಿ ಪ್ರಯೋಜನವಿಲ್ಲ. ಅದು ಆಗಲೇ ಹೊಟ್ಟೆ ತುಂಬ ನೀರು ಕುಡಿದಿರುತ್ತದೆ.

ಬ್ಯಾಟರಿಗಳ ಜಾಗ ಇದ್ಯಾವುದೂ ಅಲ್ಲ. 9 ವೋಲ್ಟ್ ಬ್ಯಾಟರಿಯ ಎರಡು ತುದಿಯೂ ಒಂದೇ ಕಡೆ ಇರುವುದರಿಂದ ಒಂದು ವೈರ್ ಚೂರು ಸಾಕು, ಶಾರ್ಟ್ ಆಗಲು. ತುದಿಗೆ ಟೇಪ್ ಸುತ್ತಿ. ಲಿಥಿಯಂ ಸೆಲ್‌ಗಳನ್ನು ಅರ್ಧ ಚಾರ್ಜಿನಲ್ಲಿ, ಅವುಗಳದ್ದೇ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಬೇರೆಯೇ ಇಡಿ. ಉಬ್ಬಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಇ-ತ್ಯಾಜ್ಯ ಪಡೆಯುವಲ್ಲಿಗೆ ಕೊಟ್ಟುಬಿಡಿ.

ಕೈಗೆಟಕುವ ಡಬ್ಬಿ

ಅಡುಗೆಮನೆಯಲ್ಲಿ ಐದು ಕೆಜಿ ಬೇಳೆ ಡಬ್ಬ ಒಳಗಿರುತ್ತದೆ, ಸಾಸಿವೆ ಜೀರಿಗೆ ಮಾತ್ರ ಒಲೆ ಪಕ್ಕ. ನಾನೂ ಒಂದು ಹಳೇ ಸ್ಟೀಲ್ ಒಗ್ಗರಣೆ ಡಬ್ಬಿ ಕೇಳಿ ತೆಗೆದುಕೊಂಡೆ. "ತಗೋ, ಆದರೆ ಮತ್ತೆ ಅಡುಗೆಮನೆಗೆ ತರಬೇಡ" ಅಂದರು ಅಮ್ಮ. ಸೀಸ ಮುಟ್ಟಿದ ಕೈ ಆಡುವ ಡಬ್ಬಿ, ಅವರು ಹೇಳಿದ್ದು ಸರಿ. ಅದರ ಏಳು ಬಟ್ಟಲುಗಳಲ್ಲಿ 330 ಓಮ್, 1 ಕಿಲೋ, 10 ಕಿಲೋ, 104, ಕೆಂಪು ಎಲ್‌ಇಡಿ, ಬಿಸಿ547 ಮತ್ತು ಒತ್ತುವ ಪುಟ್ಟ ಸ್ವಿಚ್ಚು. ಬಟ್ಟಲಿಗೆ ಹಿಡಿಯುವಂತೆ ರೆಸಿಸ್ಟರ್ ಕಾಲುಗಳನ್ನು ಮೊದಲೇ ಬಗ್ಗಿಸಿ, ಬ್ರೆಡ್‌ಬೋರ್ಡಿಗೆ ಸರಿಹೋಗುವಷ್ಟಕ್ಕೆ ಕತ್ತರಿಸಿಟ್ಟಿರುತ್ತೇನೆ. ಹತ್ತರಲ್ಲಿ ಏಳು ಸಲ ಬೇರೆ ಡಬ್ಬಿ ತೆರೆಯುವುದೇ ಇಲ್ಲ.

ಪಕ್ಕದಲ್ಲಿ ಇನ್ನೊಂದು ಬೋಳು ಡಬ್ಬಿ. ಅದು ಚಿಲ್ಲರೆ ಡಬ್ಬಿ. ಬ್ರೆಡ್‌ಬೋರ್ಡಿನಿಂದ ಕಿತ್ತದ್ದೆಲ್ಲ ರಾತ್ರಿ ಅದಕ್ಕೇ. ಓದುವುದಿಲ್ಲ, ಆರಿಸುವುದಿಲ್ಲ. ಐಸಿ ಮಾತ್ರ ಫೋಮಿಗೆ. ಡಬ್ಬಿ ಅರ್ಧ ತುಂಬಿದ ಭಾನುವಾರ ಕ್ರಿಕೆಟ್ ಹಾಕಿಕೊಂಡು ಕೂರುತ್ತೇನೆ, ಸೊಗಡಿನ ಅವರೆಕಾಯಿ ಬಿಡಿಸಲು ಕೂತ ಹಾಗೆ. ಬಾಗಿದ ಕಾಲನ್ನು ಮೂತಿ ಚೂಪಿನ ಇಕ್ಕಳದಲ್ಲಿ ಹಿಡಿದು ಎಳೆದರೆ ನೆಟ್ಟಗಾಗುತ್ತದೆ. ಮುರಿದದ್ದು ಕಸಕ್ಕೆ, ಬಣ್ಣ ಕಾಣದ್ದು ಮೀಟರಿಗೆ, ಉಳಿದದ್ದು ಗೀಟಿನ ಖಾನೆಗೆ. ಹತ್ತು ಓವರ್ ಒಳಗೆ ಮುಗಿಯುತ್ತದೆ.