ಐಸಿಯುನಲ್ಲಿ ಆಕ್ಸಿಜನ್ ಇಳಿಸುವ ಕೆಲಸ: ನನ್ನ ಅನುಭವ

ಸೆಪ್ಸಿಸ್ (ಸೋಂಕಿಗೆ ಮೈ ಅತಿಯಾಗಿ ಪ್ರತಿಕ್ರಿಯಿಸಿ ಅಂಗಾಂಗ ಕೆಡುವ ಸ್ಥಿತಿ) ಆಗಿ ನಮ್ಮ ಕಲಬುರಗಿ ಐಸಿಯುಗೆ ಬರುವ ರೋಗಿಯ ಮೈಯಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಇದ್ದೇ ಇರುತ್ತದೆ. ಸೋಂಕಿನ ಮೇಲೆ ಬಿದ್ದ ಬಿಳಿ ರಕ್ತಕಣಗಳು, ಏಟು ತಿಂದ ಮೈಟೊಕಾಂಡ್ರಿಯಾಗಳು (ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗಗಳು) ಜೀವಕೋಶಗಳನ್ನು ಕೆಡಿಸುವ ಚುರುಕು ಅಣುಗಳಾದ ಫ್ರೀ ರ‍್ಯಾಡಿಕಲ್‌ಗಳನ್ನು ಚೆಲ್ಲುತ್ತವೆ. ಅವನ್ನು ತಡೆಯುವ, ಮೈಯೇ ತಯಾರಿಸುವ ಗ್ಲುಟಥಯೋನ್, ಜೊತೆಗೆ ವಿಟಮಿನ್ ಸಿ, ಸೆಲೆನಿಯಮ್ ಕಮ್ಮಿಯಾಗುತ್ತವೆ. ಹಾಗಿದ್ರೆ ತುಂಬಿಕೊಟ್ಟರೆ ಆಯಿತಲ್ವಾ?

ಆಗಲಿಲ್ಲ. 2013ರ ರೆಡಾಕ್ಸ್ ಅಧ್ಯಯನದಲ್ಲಿ ಸೆಲೆನಿಯಮ್, ವಿಟಮಿನ್‌ಗಳಿಂದ ಲಾಭ ಕಾಣಲಿಲ್ಲ, ಗ್ಲುಟಮಿನ್ ಎಂಬ ಅಮೈನೋ ಆಮ್ಲ ಕೊಟ್ಟವರಲ್ಲಿ ಸಾವೇ ಜಾಸ್ತಿ ಆಯಿತು. 2022ರ ಲೋವಿಟ್ ಅಧ್ಯಯನದಲ್ಲಿ ಸೆಪ್ಸಿಸ್ ರೋಗಿಗಳಿಗೆ ವಿಟಮಿನ್ ಸಿ ದೊಡ್ಡ ಡೋಸ್ ಕೊಟ್ಟು ನೋಡಿದರು. 28ನೇ ದಿನಕ್ಕೆ ಸತ್ತವರು, ಇಲ್ಲವೇ ಇನ್ನೂ ವೆಂಟಿಲೇಟರ್, ಬಿಪಿ ಏರಿಸುವ ಔಷಧ ಅಥವಾ ಡಯಾಲಿಸಿಸ್ ಮೇಲಿದ್ದವರು 44.5%. ಕೊಡದಿದ್ದ ಗುಂಪಿನಲ್ಲಿ 38.5%. ಇನ್ನೊಂದು ಕಿರಿಕಿರಿ ಇದೆ. ಈ ವಿಟಮಿನ್ ಸಿ ಡ್ರಿಪ್ ಹಾಕಿಸಿಕೊಂಡು ಬಂದವರಲ್ಲಿ ಕೆಲವು ಗ್ಲುಕೋಮೀಟರ್‌ಗಳು ಶುಗರ್ ಸುಳ್ಳುಸುಳ್ಳೇ ಜಾಸ್ತಿ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಕಥೆ ಮುಗಿಯಿತು. ಅಂಥವರ ಶುಗರನ್ನು ಲ್ಯಾಬಿಗೇ ಕಳಿಸುತ್ತೇನೆ.

ಸೋಂಕಿನ ಮೂಲ ಹುಡುಕಿ ಬೇಗ ಆಂಟಿಬಯೋಟಿಕ್ ಕೊಡುವುದು ಎಲ್ಲಕ್ಕಿಂತ ಮೊದಲು. ಆಮೇಲೆ ನನ್ನ ಕೈಯಲ್ಲಿ ಉಳಿಯುವುದು ವೆಂಟಿಲೇಟರ್‌ನ ಆಕ್ಸಿಜನ್. ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟ ಆಕ್ಸಿಜನ್ ತಾನೇ ಫ್ರೀ ರ‍್ಯಾಡಿಕಲ್ ಹುಟ್ಟಿಸುತ್ತದೆ. ಸ್ಯಾಚುರೇಶನ್ (ಹಿಮೋಗ್ಲೋಬಿನ್ ಎಷ್ಟು ಶೇಕಡಾ ಆಕ್ಸಿಜನ್ ಹೊತ್ತಿದೆ ಎಂಬ ಅಂಕಿ) 100 ಅಂತ ಕಂಡರೆ ಎಲ್ಲರಿಗೂ ಖುಷಿ. ಆದರೆ ರಕ್ತದಲ್ಲಿ ಕರಗಿದ ಆಕ್ಸಿಜನ್‌ನ ಒತ್ತಡ 130 mmHg ಇದ್ದರೂ ಸ್ಯಾಚುರೇಶನ್ 100, 400 ಇದ್ದರೂ 100. ಹಾಗಾಗಿ ಮಾನಿಟರ್ ಅಂಚಿಗೆ ಪ್ಲಾಸ್ಟರ್ ತುಂಡು ಅಂಟಿಸಿ 92–96 ಅಂತ ಬರೆಯುತ್ತೇವೆ. ಮೇಲಿನ ಅಲಾರಂ 97ಕ್ಕೆ. ಕೂಗಿದರೆ ಸಿಸ್ಟರ್ ಬಂದು ವೆಂಟಿಲೇಟರ್‌ನ ಆಕ್ಸಿಜನ್ ಶೇಕಡಾ ಐದು ಅಂಕ ಇಳಿಸುತ್ತಾರೆ, ಸ್ವಲ್ಪ ಹೊತ್ತು ನಿಂತು ನೋಡುತ್ತಾರೆ, ಮತ್ತೆ ಇಳಿಸುತ್ತಾರೆ.

ಕಷ್ಟ ಇರುವುದು ಮನೆಯವರ ಹತ್ತಿರ. "ಸಾಹೇಬ್ರ, ಗಾಳಿ ಯಾಕ್ ಕಮ್ಮಿ ಮಾಡ್ಲಕತ್ತೀರಿ? ರೊಕ್ಕಾ ಕಟ್ಟತೀವ್ರಿ" ಅನ್ನುತ್ತಾರೆ. ಹಣದ ಮಾತಲ್ಲ, ಪುಪ್ಪುಸ ಸುಧಾರಿಸಿದ್ದಕ್ಕೇ ಇಳಿಸಿದ್ದು ಅಂತ ಮಾನಿಟರ್ ತೋರಿಸಿ ಹೇಳುತ್ತೇನೆ. ಅರ್ಧ ಜನ ನಂಬುತ್ತಾರೆ.

ಆಕ್ಸಿಜನ್ ಇಳಿಸುವುದರಿಂದ ಪವಾಡ ಆಗುತ್ತದೆ ಅನ್ನುವುದಿಲ್ಲ. 2020ರ ಐಸಿಯು-ರಾಕ್ಸ್ ಅಧ್ಯಯನದಲ್ಲಿ ಆಕ್ಸಿಜನ್ ಹಿಡಿತದಲ್ಲಿ ಕೊಟ್ಟ ಗುಂಪು, ಎಂದಿನಂತೆ ಕೊಟ್ಟ ಗುಂಪು ಎರಡೂ ಹೆಚ್ಚುಕಮ್ಮಿ ಒಂದೇ. ಸುಮ್ನೆ ಜಾಸ್ತಿ ಕೊಟ್ಟು ಗಳಿಸುವುದೇನೂ ಇಲ್ಲ, ಅಷ್ಟೇ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಹೊಗೆ ಕುಡಿದು (ಕಾರ್ಬನ್ ಮೊನಾಕ್ಸೈಡ್ ವಿಷವೇರಿ) ಬಂದವರಿಗೆ ಮಾತ್ರ 100% ಆಕ್ಸಿಜನ್ನೇ ಔಷಧ. ಪ್ಯಾರಾಕ್ವಾಟ್ ಕಳೆನಾಶಕ ಹೊಟ್ಟೆಗೆ ಹೋದವರಲ್ಲಿ ಅದೇ ಆಕ್ಸಿಜನ್ ಉರಿಯುವ ಬೆಂಕಿಗೆ ಗಾಳಿ ಊದಿದಂತೆ. ಅಲ್ಲಿ ಸ್ಯಾಚುರೇಶನ್ ತೀರಾ ಕುಸಿಯುವ ತನಕ ಮಾಸ್ಕ್ ಮುಟ್ಟುವುದಿಲ್ಲ.

ಕಪ್ಪು ಮೈಬಣ್ಣದವರಲ್ಲಿ ಆಕ್ಸಿಮೀಟರ್ ಸ್ಯಾಚುರೇಶನ್ ಇದ್ದದ್ದಕ್ಕಿಂತ ಜಾಸ್ತಿ ತೋರಿಸಬಹುದು. ಬಿಸಿಲಲ್ಲಿ ತೊಗರಿ ಹೊಲದಲ್ಲಿ ದುಡಿಯುವವರೇ ನಮ್ಮಲ್ಲಿ ಹೆಚ್ಚು. ಅವರಲ್ಲಿ 92ಕ್ಕೆ ಇಳಿಯಲು ಬಿಡದೆ 94ರ ಆಸುಪಾಸು ನಿಲ್ಲಿಸಿ, ಒಂದು ಎಬಿಜಿ (ಅಪಧಮನಿ ರಕ್ತದ ಆಕ್ಸಿಜನ್ ಪರೀಕ್ಷೆ) ತೆಗೆಸಿ ತಾಳೆ ನೋಡುತ್ತೇನೆ.